ಬಂದು ಹೋಗುವವರ ಋಣ

ತುರುವನೂರು ಎಂದರೆ ನಮ್ಮ ಹಿರಿಯರಿಗೆ ಮೊದಲು ನೆನಪಾಗುತ್ತಿದ್ದುದು ಈಚಲು ಮರ. 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಇಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಹೆಂಡ ಇಳಿಸುವ ಈಚಲು ಮರಗಳಿಗೆ ಜನ ಕೊಡಲಿ ಹಾಕಿದರು. 2007ರ ಜುಲೈಯಲ್ಲಿ ರಾಜ್ಯ ಸರ್ಕಾರ ಸಾರಾಯಿಯನ್ನೇ ನಿಷೇಧಿಸಿತು. ಮರಕ್ಕೆ ಕೊಡಲಿ ಬಿತ್ತು, ಸಾರಾಯಿ ಪ್ಯಾಕೆಟ್ಟೂ ಹೋಯಿತು, ಕುಡಿತ ಮಾತ್ರ ಉಳಿಯಿತು. ಕುಡಿತದ ಬೇರು ಮರದಲ್ಲಿ ಇರಲಿಲ್ಲ, ಮನೆಯೊಳಗೆ, ಮನಸ್ಸಿನೊಳಗೆ ಇತ್ತು. ಅಲ್ಲಿಗೆ ಕೊಡಲಿ ಹಿಡಿದು ಹೋಗಲಾಗುವುದಿಲ್ಲ. ಹೋಗಿ ಕೂರಬೇಕು, ಕೇಳಬೇಕು.

ಹಾಗೆ ಕೂತು ಕೇಳುವುದನ್ನು ಕಲಿಯಲೆಂದೇ ಸಮಾಜಕಾರ್ಯದ ವಿದ್ಯಾರ್ಥಿಗಳು ಹಳ್ಳಿಗಳಿಗೆ, ವ್ಯಸನಮುಕ್ತಿ ಕೇಂದ್ರಗಳಿಗೆ, ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಬರುತ್ತಾರೆ. ವಾರಕ್ಕೆ ಕೆಲವು ದಿನ ಕ್ಷೇತ್ರಕಾರ್ಯ, ಓದು ಮುಗಿಯುವ ಹೊತ್ತಿಗೆ ಒಂದು ತಿಂಗಳ ಇಂಟರ್ನ್‌ಶಿಪ್. ನಮಗೆ ಗೊತ್ತಿರುವ ಒಬ್ಬ ಹೆಣ್ಣುಮಗಳ ಮನೆಗೂ ಹೀಗೊಬ್ಬ ಹುಡುಗಿ ಬಂದಿದ್ದಳು. ಈರುಳ್ಳಿ ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸು, ಗಂಡ ದುಡಿದದ್ದನ್ನೆಲ್ಲ ಕುಡಿಯುವವನು. ತವರಿಗೂ ಹೇಳದ ಮಾತನ್ನು ಆಕೆ ಜಗಲಿಯ ಮೇಲೆ ಕೂತು ಆ ಹುಡುಗಿಗೆ ಹೇಳಿದಳು. ಒಂದು ರಾತ್ರಿ ಬಾವಿಯ ಕಟ್ಟೆಯವರೆಗೂ ಹೋಗಿ, ಮಗುವಿನ ಅಳು ಕೇಳಿ ಹಿಂದಿರುಗಿದ್ದನ್ನೂ ಹೇಳಿದಳು. ಹುಡುಗಿ ಕಣ್ಣೊರೆಸಿಕೊಂಡಳು, ಬರೆದುಕೊಂಡಳು. ತಿಂಗಳು ಮುಗಿಯಿತು, ಬಸ್ಸು ಹತ್ತಿದಳು. ಹದಿನೈದು ದಿನದ ಮೇಲೆ ಆ ಹೆಂಗಸು ನಮ್ಮನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದಳು: "ಸಾಬ್ರೇ, ಆ ಹುಡುಗಿ ಮತ್ತೆ ಯಾವಾಗ ಬರ್ತೈತೆ?"

ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಒಬ್ಬರ ಸಂಕಟ ಇನ್ನೊಬ್ಬರಿಗೆ ಪಾಠವಾಗಬಹುದೇ? ಆಗಬಹುದಾದರೆ ಆ ಪಾಠದ ಬೆಲೆಯನ್ನು ಯಾರು ಕೊಡಬೇಕು?

ಹುಡುಗಿಯ ಮೇಲೆ ಬೆರಳು ತೋರಿಸುವ ಮೊದಲು ನಮ್ಮ ಕಡೆಗೇ ನೋಡಿಕೊಳ್ಳುವುದು ಒಳ್ಳೆಯದು. ನಾವು ಕತೆ ಬರೆಯುವವರು. ಬಹಳ ವರ್ಷಗಳ ಹಿಂದೆ ಕುಡಿದು ಸತ್ತ ಒಬ್ಬರ ಮನೆಯ ಸಂಗತಿಯನ್ನು ಕತೆ ಮಾಡಿದ್ದೆವು. ಹೆಸರು ಬದಲಿಸಿದ್ದೆವು, ಊರು ಬದಲಿಸಿದ್ದೆವು. ಓದಿದವರು ಮೆಚ್ಚಿದರು. ಸತ್ತವರ ಮಗ ಮಾತ್ರ ಒಂದು ದಿನ ಬಂದು ಮೆಲ್ಲಗೆ ಕೇಳಿದ: "ನಮ್ಮಪ್ಪನ ಕತೆಗೆ ಎಷ್ಟು ಕೊಟ್ರು ಸಾಬ್ರೇ?" ಅಂದು ತಲೆ ತಗ್ಗಿಸಿದ ನಾವು ಆ ಮನೆಯ ಮುಂದೆ ಹಾದು ಹೋಗುವಾಗ ಇಂದಿಗೂ ತಲೆ ಎತ್ತುವುದಿಲ್ಲ.

ಹಾಗಾದರೆ ವಿದ್ಯಾರ್ಥಿಗಳು ಬರುವುದೇ ಬೇಡವೇ? ಹಾಗೆನ್ನುವುದು ಸುಲಭ, ಆದರೆ ಅದು ಇನ್ನೂ ದೊಡ್ಡ ಅನ್ಯಾಯ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯದ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿಯ ಮನೆಗೆ ಹೋಗುವವರು ಎಲ್ಲಿಂದ ಬರಬೇಕು? ಕಲಿಯದೆ ಯಾರೂ ವೈದ್ಯರಾಗುವುದಿಲ್ಲ, ರೋಗಿಯಿಲ್ಲದೆ ಯಾರೂ ಕಲಿಯುವುದಿಲ್ಲ. ನಮ್ಮ ಪಕ್ಕದ ಬಳ್ಳಾರಿಯಲ್ಲಿ 1985ರಲ್ಲಿ ನಿಮ್ಹಾನ್ಸ್ ಮಾಡಿದ್ದೂ ಇದನ್ನೇ. ಸಾಮಾನ್ಯ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿತು. ಆ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಕಲಿಕೆಗೆ ಒಂದು ಕ್ರಮವಿದ್ದರೆ ರೋಗಿಗೆ ಅನ್ಯಾಯವಾಗುವುದಿಲ್ಲ. ಸಾವಿರ ವರ್ಷಗಳಿಗೂ ಹಿಂದೆ ಅಬೂಬಕರ್ ಅಲ್ ರಾಝಿ ಎಂಬ ಹಕೀಮರು ಶಿಷ್ಯರ ನಡುವೆ ಕೂರುತ್ತಿದ್ದ ಬಗೆಯನ್ನು ಇಬ್ನ್ ಅಲ್ ನದೀಮ್ ದಾಖಲಿಸಿದ್ದಾರೆ. ಗುರುವಿನ ಹತ್ತಿರ ಶಿಷ್ಯರು, ಅವರಾಚೆ ಶಿಷ್ಯರ ಶಿಷ್ಯರು, ಅವರಾಚೆ ಇನ್ನೂ ಕಿರಿಯರು. ಬಂದ ರೋಗಿ ಮೊದಲು ಸಿಕ್ಕವರಿಗೆ ತನ್ನ ನೋವು ಹೇಳುತ್ತಿದ್ದ. ಅವರಿಗೆ ತಿಳಿಯದಿದ್ದರೆ ಮುಂದಿನವರಿಗೆ, ಅವರಿಗೂ ತಿಳಿಯದಿದ್ದರೆ ಕೊನೆಗೆ ರಾಝಿಯವರಿಗೆ. ಕಿರಿಯನೂ ಕಲಿತ, ರೋಗಿಯೂ ಬರಿಗೈಯಲ್ಲಿ ಹಿಂದಿರುಗಲಿಲ್ಲ. ತಮ್ಮ ತಿಳಿವಳಿಕೆ ಎಲ್ಲಿ ಮುಗಿಯುತ್ತದೆ ಎಂದು ತಿಳಿದು, ಅಲ್ಲಿಂದ ಮುಂದೆ ರೋಗಿಯನ್ನು ಒಪ್ಪಿಸಿಕೊಡುವುದೇ ಕಲಿಯುವವರ ಧರ್ಮ.

ಕುಡಿತದ ವಿಷಯದಲ್ಲಿ ಇದು ಜೀವದ ಮಾತು. ದಿನವೂ ವಿಪರೀತ ಕುಡಿಯುವವನಿಗೆ "ಇವತ್ತೇ ಬಿಡು" ಎಂದು ಆಣೆ ಹಾಕಿಸಿದರೆ ಎರಡು ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ಅವನನ್ನು ವೈದ್ಯರ ಕಣ್ಣಳತೆಯಲ್ಲಿ ಬಿಡಿಸಬೇಕು. ಹುರುಪಿನ ವಿದ್ಯಾರ್ಥಿಗಳೂ, ನಮ್ಮಂಥ ಊರಿನ ಬುದ್ಧಿ ಹೇಳುವವರೂ ಇದನ್ನು ಮೊದಲು ಕಲಿಯಬೇಕು.

ಎರಡನೆಯದು, ಕೇಳಿದ ಗುಟ್ಟು ಅಮಾನತ್ತು. ಇಟ್ಟವರ ಒಪ್ಪಿಗೆಯಿಲ್ಲದೆ ಅಮಾನತ್ತನ್ನು ಬಳಸುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ರೋಗಿಯ ಗೌಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಹೆಸರು ಬದಲಿಸಿದರೆ ಸಾಲದು ಎಂಬುದನ್ನು ನಾವು ಆ ಮಗನಿಂದ ಕಲಿತೆವು. ಸಣ್ಣ ಊರಿನಲ್ಲಿ ಬಾವಿಯ ಕಟ್ಟೆ ಎಂದರೂ ಸಾಕು, ಯಾರೆಂದು ತಿಳಿಯುತ್ತದೆ. ಅದಕ್ಕೇ ಈ ಲೇಖನದಲ್ಲಿ ಬರುವ ಸಂಗತಿಯನ್ನೂ ಆ ಹೆಂಗಸಿಗೆ ಓದಿ ಹೇಳಿ, ಆಕೆ ಬೇಡವೆಂದದ್ದನ್ನು ಬಿಟ್ಟು, ಬೇರೆ ಮಾಡಿ ಹೇಳೆಂದದ್ದನ್ನು ಬೇರೆ ಮಾಡಿ ಬರೆದಿದ್ದೇವೆ.

ಮೂರನೆಯದು, ಹೋಗುವ ದಿನ. ಬರುವುದನ್ನು ಕಾಲೇಜು ಕಲಿಸುತ್ತದೆ, ಹೋಗುವುದನ್ನೂ ಕಲಿಸಬೇಕು. ಎಷ್ಟು ದಿನ ಇರುತ್ತೇನೆ ಎಂದು ಮೊದಲ ದಿನವೇ ಹೇಳಬೇಕು. ಹೊರಡುವ ಮುಂಚೆ ಆಶಾ ಕಾರ್ಯಕರ್ತೆಯ ಕೈಗೋ ಆಸ್ಪತ್ರೆಯ ಕೈಗೋ ಆ ಮನೆಯನ್ನು ಒಪ್ಪಿಸಬೇಕು. ಹಗಲು ರಾತ್ರಿ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಅಂಕಿಯನ್ನಾದರೂ ಗೋಡೆಯ ಮೇಲೆ ಬರೆದು ಹೋಗಬೇಕು.

ಆ ಹೆಂಗಸಿನ ಗಂಡ ಜಿಲ್ಲಾಸ್ಪತ್ರೆಗೆ ಎರಡು ಬಾರಿ ಹೋಗಿ ಬಂದಿದ್ದಾನೆ. ಬಿಟ್ಟಿದ್ದಾನೆ ಎಂದು ಬರೆಯಲಾರೆವು. ಕೆಲವು ವಾರ ಬಿಡುತ್ತಾನೆ, ಮತ್ತೆ ಹಿಡಿಯುತ್ತಾನೆ. ಆಶಾ ಕಾರ್ಯಕರ್ತೆ ಹೋಗಿ ಬರುತ್ತಿದ್ದಾಳೆ. ಈ ವರ್ಷ ಬಂದ ಹೊಸ ಹುಡುಗಿಗೆ ಆ ಹೆಂಗಸು ನೀರು ಕೊಟ್ಟು ಮೊದಲು ಕೇಳಿದ್ದು ಒಂದೇ ಮಾತು: "ನೀನು ಎಂದು ಹೋಗ್ತೀಯವ್ವ?" ಹುಡುಗಿ ತಾರೀಕು ಹೇಳಿದಳು. ಆಮೇಲೆ ಇಬ್ಬರೂ ಜಗಲಿಯ ಮೇಲೆ ಕೂತರು.