ಸಂಗೀತ ಸಂಗ್ರಹಕ್ಕೂ ಒಂದು ಪರಿಮಾಣ

ಪರಿಗ್ರಹ ಪರಿಮಾಣ ವ್ರತವನ್ನು ಕೈಗೊಳ್ಳುವ ಶ್ರಾವಕರು ಹೊಲ, ಮನೆ, ಬೆಳ್ಳಿ, ಬಂಗಾರಗಳಿಗೆ ಮಿತಿ ಹಾಕಿಕೊಳ್ಳುವುದು ರೂಢಿ. ಮನೆಯಲ್ಲಿ ತುಂಬಿರುವ ಹಾಡುಗಳಿಗೂ ಮಿತಿ ಬೇಕೆಂಬ ಯೋಚನೆ ಬರುವುದು ವಿರಳ.

ಮಾಮೂಲ್‌ಪೇಟೆಯ ಒಂದು ಹಳೆಯ ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಕೆಳಗೆ ಅಂಗಡಿ, ಮೇಲೆ ವಾಸ. ಯಜಮಾನರ ಕಪಾಟಿನಲ್ಲಿ ತಂದೆ ಕೂಡಿಟ್ಟ ಗ್ರಾಮಫೋನ್ ತಟ್ಟೆಗಳು, ತಾವು ಕೊಂಡ 400 ಕ್ಯಾಸೆಟ್ಟುಗಳು. ಮಗನ ಮೊಬೈಲಿನಲ್ಲಿ ಎಣಿಕೆಗೆ ಸಿಗದಷ್ಟು ಗೀತೆಗಳು. ವ್ರತದ ಲೆಕ್ಕಕ್ಕೆ ಇವನ್ನು ಸೇರಿಸಬೇಕೆ? ‘ಬಹುಪಾಲು ಜಿನಸ್ತುತಿಗಳು ತಾನೆ’ ಎಂಬ ಸಮಾಧಾನ ಸುಲಭವಾದುದು.

ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಗುರುತಿಸಿರುವುದು ವಸ್ತುವಿನಲ್ಲಲ್ಲ, ಅದರ ಮೇಲಣ ಮಮತ್ವದಲ್ಲಿ. ಮುನಿಗಳಿಗೆ ಪಿಂಛಿ, ಕಮಂಡಲುಗಳ ಮೇಲೂ ಮಮತ್ವ ಸಲ್ಲದೆಂದಮೇಲೆ ಗೃಹಸ್ಥನ ಸ್ತುತಿಯ ಕ್ಯಾಸೆಟ್ಟಿಗೆ ವಿನಾಯಿತಿ ಎಲ್ಲಿಯದು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟು, ಅತಿಸಂಗ್ರಹವನ್ನು ಅದರ ಅತಿಚಾರಗಳಲ್ಲಿ ಎಣಿಸಿದ್ದಾರೆ. ಭೋಗೋಪಭೋಗ ಪರಿಮಾಣವನ್ನು ವಿವರಿಸುವಲ್ಲಿ ಭೋಜನ, ತಾಂಬೂಲ, ವಸ್ತ್ರಗಳ ಸಾಲಿನಲ್ಲೇ ಸಂಗೀತ, ಗೀತಗಳನ್ನು ಹೆಸರಿಸಿ, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂಬ ಅವಧಿಗಳಿಗೆ ತ್ಯಾಗದ ನಿಯಮ ಮಾಡಿಕೊಳ್ಳಬಹುದೆಂದಿದ್ದಾರೆ.

ಈ ಅಯನವನ್ನೇ ಅಳತೆಗೋಲಾಗಿ ಹಿಡಿದರೆ ಸಂದೇಹ ಬಹುಮಟ್ಟಿಗೆ ಪರಿಹಾರವಾಗುತ್ತದೆ. 60 ನಿಮಿಷದ 400 ಕ್ಯಾಸೆಟ್ಟುಗಳೆಂದರೆ 400 ಗಂಟೆ. ಅಂಗಡಿ ಮುಚ್ಚಿದ ಮೇಲೆ ದಿನಕ್ಕೊಂದು ಗಂಟೆ ಕೇಳಿದರೂ ಒಂದು ಸುತ್ತಿಗೆ 400 ದಿನ ಬೇಕು; ಅಯನಕ್ಕಿರುವುದು ಸುಮಾರು 180 ದಿನ. ಆರು ತಿಂಗಳಲ್ಲಿ ಒಮ್ಮೆಯೂ ಕಿವಿಗೆ ಬೀಳದುದು ಇರುವುದು ಕೇಳುವುದಕ್ಕಲ್ಲ, ‘ನನ್ನದು’ ಎನ್ನುವುದಕ್ಕೆ. ಇರುವುದು 400, ಮಿತಿ 1000 ಎಂದು ವ್ರತ ಹಿಡಿಯುವುದಾದರೆ ಅದು ಆಸೆಗೆ ಅಂಗಳ ಅಗಲಿಸಿಕೊಟ್ಟಂತೆ.

ಮೊಬೈಲಿಗೆ ಕಪಾಟಿಲ್ಲವಾದುದರಿಂದ ಅಲ್ಲಿ ಸಂಖ್ಯೆಯ ಮಿತಿ ಸಾಲದು. ಕಾಲದ ಮಿತಿಯೇ ಬೇಕು. ದಿನಕ್ಕೆ ಇಷ್ಟು ಹೊತ್ತು, ಅಷ್ಟಮಿ ಚತುರ್ದಶಿಗಳಂದು ಇಲ್ಲ ಎಂಬ ನಿಯಮವನ್ನು ಮಗನೂ ಪಾಲಿಸಬಲ್ಲನು.

ಕಠಿನವಾದುದು ತಂದೆಯ ತಟ್ಟೆಗಳ ವಿಷಯ. ಕೊಟ್ಟರೆ ತಂದೆಯನ್ನೇ ಕೊಟ್ಟಂತಾದೀತೆಂಬ ಅಳುಕು ಸಹಜ. ಆದರೆ ಬದಿಗೆ ಮೂರು ನಿಮಿಷ ಹಾಡುವ ಆ ತಟ್ಟೆಗಳನ್ನು ತಂದೆ ತಂದುದು ಕೇಳುವುದಕ್ಕಾಗಿ. ಅವರು ಮತ್ತೆ ಮತ್ತೆ ಕೇಳುತ್ತಿದ್ದ ಕೆಲವನ್ನು ಉಳಿಸಿಕೊಂಡು, ಮಿಕ್ಕವನ್ನು ಕೇಳುವವರ ಕೈಗೆ ಒಪ್ಪಿಸಿದರೆ ಪಿತೃಭಕ್ತಿಗೆ ಕುಂದಿಲ್ಲ. ಮೂಲೆಯಲ್ಲಿ ಧೂಳು ಹಿಡಿಯಲು ಬಿಡುವುದು ಭಕ್ತಿಯೂ ಅಲ್ಲ.

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯದ್ದು. ಕಪಾಟಿನ ಬಾಗಿಲು ತೆರೆಯುವುದಕ್ಕೆ ಅದಕ್ಕಿಂತ ತಕ್ಕ ದಿನ ಬೇರೊಂದಿರಲಾರದು.