ಸುಮ್ಮನೆ ನೋಡೋಕೆ ಬಂದಿದ್ದು

ಎರಡು ದಿನ ಒಟ್ಟಿಗೆ ರಜೆ ಸಿಕ್ಕಿತು ಅಂದರೆ ಸಾಕು, ನಮ್ಮ ರಾಜೀವನಗರದಲ್ಲಿ ಯಾವುದಾದರೂ ಮನೆ ಮುಂದೆ ಟಿ.ಟಿ. ಗಾಡಿ ನಿಂತಿರುತ್ತೆ. ಎಲ್ಲಿಗೆ ಅಂದರೆ ಊಟಿ, ಇಲ್ಲ ಗೋಕರ್ಣ. ಯಾಕೆ ಅಂದರೆ ಎಲ್ಲರದೂ ಒಂದೇ ಉತ್ತರ: "ಏನಿಲ್ಲ, ಸುಮ್ಮನೆ ನೋಡ್ಕೊಂಡು ಬರೋಣ ಅಂತ."

ಈ "ಸುಮ್ಮನೆ" ನನ್ನನ್ನ ಬಹಳ ದಿನದಿಂದ ಕಾಡ್ತಿದೆ. ನೋಡೋದರಿಂದ ಏನೂ ಸವೆಯಲ್ಲ, ಯಾರದೂ ಏನೂ ಹೋಗಲ್ಲ ಅಂತ ನಾವೆಲ್ಲ ನಂಬಿದೀವಿ. ಅದು ನಿಜವಾ?

ಮೊದಲು ಹತ್ತಿರದ ಉದಾಹರಣೆ ತಗೊಳ್ಳಿ. ಊಟಿ ರಸ್ತೆಯಲ್ಲಿ ಗುಂಡ್ಲುಪೇಟೆ ಸುತ್ತಮುತ್ತ ಸೂರ್ಯಕಾಂತಿ ಹೂ ಬಿಟ್ಟಾಗ ಕಾರುಗಳು ಸಾಲಾಗಿ ನಿಲ್ಲುತ್ತವೆ. ಜನ ಹೊಲಕ್ಕೆ ಇಳಿದು ಫೋಟೋ ತೆಗೆಸಿಕೊಳ್ತಾರೆ. ಕೆಲವು ರೈತರು ಇದಕ್ಕೆ ತಲೆಗೆ ಇಷ್ಟು ಅಂತ ದುಡ್ಡು ಕೇಳೋಕೆ ಶುರು ಮಾಡಿದರು. "ಹೂವು ನೋಡೋಕೂ ದುಡ್ಡಾ? ರೈತರೂ ಕಮರ್ಷಿಯಲ್ ಆಗ್ಬಿಟ್ರು ಬಿಡಿ" ಅನ್ನೋ ಮಾತು ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದೀನಿ. ಹೊಲ ಇದ್ದ ಮನೆಯಲ್ಲಿ ಬೆಳೆದ ನನಗೆ ಅದು ಬೇರೆ ಥರ ಕಾಣುತ್ತೆ. ಅದು ಎಣ್ಣೆಕಾಳಿಗೆ ಹಾಕಿದ ಬೆಳೆ. ಒಬ್ಬ ಒಳಗೆ ಹೋಗಿ ಬಂದರೆ ಏನೂ ಆಗಲ್ಲ. ನೂರು ಜನ ಹೋದರೆ ಸಾಲಿನ ಮಧ್ಯೆ ದಾರಿಯೇ ಬೀಳುತ್ತೆ, ದಂಟು ಮುರಿಯುತ್ತೆ. ಆ ದುಡ್ಡು ಹೂವಿನ ಬೆಲೆ ಅಲ್ಲ. "ಇದು ಪಾರ್ಕಲ್ಲ ಸ್ವಾಮಿ, ನನ್ನ ಹೊಲ" ಅಂತ ಬಾಯಲ್ಲಿ ಹೇಳಿದರೆ ಯಾರೂ ಕೇಳದೇ ಇದ್ದಾಗ ರೈತ ಕಂಡುಕೊಂಡ ದಾರಿ.

ಹೊಲಕ್ಕಾದರೆ ಬದು ಇದೆ, ಪಹಣಿ ಇದೆ. ಕಡಲಿಗೆ ಏನಿದೆ?

ಗೋಕರ್ಣಕ್ಕೆ ಹೋದವರಿಗೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು ಗೊತ್ತು. ಕುಡ್ಲೆಯಿಂದ ಗುಡ್ಡದ ಕಾಲುದಾರಿಯಲ್ಲಿ ಬಂದು, ಬಂಡೆಗಳ ನಡುವೆ ಓಂ ಆಕಾರದಲ್ಲಿ ಬಾಗಿರೋ ಮರಳನ್ನ ಮೇಲಿಂದ ನೋಡಿದರೆ ಮಾತು ನಿಂತುಹೋಗುತ್ತೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಸೀಮೆಯಲ್ಲಿ ಬೇರೆ ಕಡಲುಗಳೂ ಇವೆ. ಯಾತ್ರಿಕರ ಕಡಲು ಒಂದು: ಅವರು ಕಡಲಲ್ಲಿ ಮಿಂದು, ಕೋಟಿತೀರ್ಥಕ್ಕೆ ಹೋಗಿ, ಆಮೇಲೆ ಮಹಾಬಲೇಶ್ವರನ ಮುಂದೆ ನಿಲ್ತಾರೆ. ಪಕ್ಕದ ಸಾಣಿಕಟ್ಟಾದ ಉಪ್ಪಿನ ಗದ್ದೆಗಳದ್ದು ಇನ್ನೊಂದು. ಕಾರಿನ ಕಿಟಕಿಯಿಂದ ಅವು ಆಕಾಶದ ಕನ್ನಡಿ ಥರ ಕಾಣುತ್ತವೆ. ಅಲ್ಲಿ ಬೇಸಿಗೆಯ ಬಿಸಿಲಲ್ಲಿ ನಿಂತು ಉಪ್ಪು ಎಳೆಯೋರಿಗೆ ಅಕಾಲದ ಒಂದು ಮಳೆ ಅಂದರೆ ಕೂಲಿಯೇ ಕರಗಿಹೋದ ಹಾಗೆ.

ಇನ್ನು ತದಡಿ ಹತ್ತಿರ ಅಘನಾಶಿನಿ ಕಡಲು ಸೇರುತ್ತೆ. ನೀರು ಇಳಿದಾಗ ಗಂಡಸರು, ಹೆಂಗಸರು ಅಳಿವೆಯಲ್ಲಿ ಸೊಂಟದ ಮಟ್ಟ ನಿಂತು ಬಳಚು ಅನ್ನೋ ಚಿಪ್ಪುಮೀನು ಆರಿಸ್ತಾರೆ. ಗಜನಿ ಭೂಮಿಯಲ್ಲಿ ಉಪ್ಪುನೀರು ತಡೆದುಕೊಂಡು ಬೆಳೆಯೋ ಕಗ್ಗ ಭತ್ತ ಇದೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲಿ ಒಂದು ಅಂತ ಆಯ್ತು. ನಮ್ಮ ಟೂರ್ ಪ್ಲಾನಿನಲ್ಲಿ ಇದು ಯಾವುದೂ ಇರಲ್ಲ. ಯಾಣದ ಬಂಡೆ, ಮಿರ್ಜಾನ್ ಕೋಟೆ, ಮುರ್ಡೇಶ್ವರದ ಶಿವ, ವಾಪಸ್.

ಹಾಗಂತ "ಯಾರೂ ಹೋಗಬೇಡಿ" ಅನ್ನೋದು ಉತ್ತರ ಅಲ್ಲ. ಅಲ್ಲಿ ಹೋಮ್‌ಸ್ಟೇ ನಡೆಸೋರು, ದೋಣಿ ಬಿಡೋರು, ಎಳನೀರು ಮಾರೋರು ನಮ್ಮನ್ನ ಕಾಯ್ತಿರ್ತಾರೆ. ಮೈಸೂರಲ್ಲಿ ಕೂತು ಅವರ ಬದುಕು ಶುದ್ಧವಾಗಿರಲಿ ಅಂತ ನಾವು ತೀರ್ಮಾನ ಮಾಡೋದೂ ಒಂದು ದರ್ಪವೇ. ಕಡಲು ಅಲ್ಲಿನವರಿಗೆ ಮಾತ್ರ ಸೇರಿದ್ದು ಅನ್ನೋದೂ ಸರಿಯಲ್ಲ. ಇದೇ ಸೀಮೆಯ ಅಂಕೋಲೆಯಲ್ಲಿ 1930ರಲ್ಲಿ ಜನ ಉಪ್ಪಿನ ಸತ್ಯಾಗ್ರಹ ಮಾಡಿದ್ದು ಯಾಕೆ? ಕಡಲು ಕೊಟ್ಟದ್ದಕ್ಕೆ ಯಾವ ಸರ್ಕಾರವೂ ಒಬ್ಬನೇ ಯಜಮಾನನ ಹಾಗೆ ಬೇಲಿ ಹಾಕಬಾರದು ಅಂತ. ಕಡಲು ಎಲ್ಲರದೂ ಹೌದು. ಆದರೆ ಆ ಹೋರಾಟ ನಡೆದದ್ದು ಬಡವನ ಗಂಜಿಯ ಉಪ್ಪಿಗಾಗಿ. ನಮ್ಮ ಬಿಯರ್ ಬಾಟಲಿಗೆ ಜಾಗ ಮಾಡಿಕೊಡೋಕಲ್ಲ.

ಹಾಗಾದರೆ ಹೋಗೋನು ಹೇಗೆ ಹೋಗಬೇಕು? ನನಗೆ ತೋಚಿದ ಪರೀಕ್ಷೆ ಒಂದೇ. "ಬೇಡ" ಅಂದಾಗ ನಮಗೆ ಏನಾಗುತ್ತೆ ನೋಡಿಕೊಳ್ಳಬೇಕು. ನಿಜವಾಗಿ ಸುಮ್ಮನೆ ನೋಡೋಕೆ ಬಂದಿದ್ದರೆ "ಇವತ್ತು ನೀರಿಗಿಳೀಬೇಡಿ", "ಇಲ್ಲಿ ಫೋಟೋ ಬೇಡ", "ಬಲೆ ಒಣಗ್ತಿದೆ, ಆ ಕಡೆ ಹೋಗಿ" ಅಂದರೆ ನಮ್ಮದೇನೂ ನಷ್ಟ ಇಲ್ಲ. ಆದರೂ ಸಿಟ್ಟು ಬರುತ್ತಲ್ಲ? "ಅಷ್ಟು ದೂರದಿಂದ ರಾತ್ರಿಯಿಡೀ ಬಂದಿದೀವಿ, ರೂಮಿಗೆ ದುಡ್ಡು ಕಟ್ಟಿದೀವಿ" ಅಂತೀವಲ್ಲ? ಆ ಸಿಟ್ಟೇ ಸಾಕ್ಷಿ. ನಾವು ನೋಡೋಕೆ ಬಂದಿರಲಿಲ್ಲ, ಏನನ್ನೋ ವಸೂಲು ಮಾಡೋಕೆ ಬಂದಿದ್ವಿ.

ಕಡಲನ್ನೇ ನಂಬಿದವರನ್ನ ನೋಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ಮೀನು ಮರಿ ಮಾಡೋ ಕಾಲ, ಕಡಲು ಒರಟಾಗಿರೋ ಕಾಲ ಅಂತ. ಅದರಲ್ಲೇ ಅನ್ನ ಕಾಣೋರು ಎರಡು ತಿಂಗಳು "ಬೇಡ" ಕೇಳಿಸ್ಕೊಂಡು ದಡದಲ್ಲಿ ಕೂತು ಬಲೆ ರಿಪೇರಿ ಮಾಡ್ತಾರೆ. ಅವರಿಗೂ ಇದು ಖುಷಿಯ ಮಾತೇನಲ್ಲ, ಗೊಣಗ್ತಾರೆ, ಸಾಲ ಮಾಡ್ತಾರೆ. ಎರಡು ದಿನದ ರಜೆ ಅಪ್ರೂವ್ ಆದ ನಾವು ಮಾತ್ರ ಆ ಎರಡೇ ದಿನ ಕಡಲು ನಮಗೆ ತೆರೆದಿರಬೇಕು ಅಂತ ಹಟ ಹಿಡೀತೀವಿ.

ಈ ಹಟದ ಬೆಲೆ ಚಿಲ್ಲರೆ ಅಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಆ ಮಕ್ಕಳದ್ದು ಹಟ ಅಲ್ಲ. ಕೆರೆ, ಬಾವಿ ನೋಡಿ ಬೆಳೆದ ಬಯಲುಸೀಮೆಯ ಮಕ್ಕಳಿಗೆ ಅಲೆ ಕಾಲಡಿಯ ಮರಳನ್ನೇ ಎಳೆಯುತ್ತೆ ಅಂತ ಹೇಗೆ ಗೊತ್ತಾಗಬೇಕು? ಹಟ ದೊಡ್ಡವರದ್ದು. ದಡದಲ್ಲಿ ಲೈಫ್‌ಗಾರ್ಡ್ ಸೀಟಿ ಊದಿದರೆ ಅವನ ಜೊತೆ ಜಗಳಕ್ಕೆ ನಿಲ್ಲೋ ದೊಡ್ಡವರನ್ನ ನೋಡಿ ಮಕ್ಕಳು ಕಲಿಯೋದಾದರೂ ಏನು?

ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರು ಶುದ್ಧ ಇರಬೇಕು, ಸುರಕ್ಷತೆ ಇರಬೇಕು ಅಂತ ಬೀಚಿಗೆ ಪರೀಕ್ಷೆ ಇಟ್ಟು ಕೊಡೋ ಬಾವುಟ ಅದು. ಬರೋರಿಗೆ ಅಂಥ ಪರೀಕ್ಷೆ ಯಾರೂ ಇಟ್ಟಿಲ್ಲ. 2016ರಲ್ಲಿ ದೇಶದ ಅತಿ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಪಡೆದ ಮೈಸೂರಿನವರೇ ಕುಡ್ಲೆಯ ಮರಳಲ್ಲಿ ಚಿಪ್ಸ್ ಪ್ಯಾಕೆಟ್ ಬಿಟ್ಟು ಬಂದರೆ, ನಮ್ಮ ಶಿಸ್ತು ಪೌರಕಾರ್ಮಿಕರದ್ದೇ ಹೊರತು ನಮ್ಮದಲ್ಲ ಅಂತ ಅರ್ಥ.

ನಮ್ಮ ಹಳ್ಳಿ ಕಡೆ ನೆಂಟರು ಅಂದರೆ ದುಡ್ಡು ಕೊಡದೇ ಉಣ್ಣೋರು. ಆದರೂ ಅವರಿಗೆ ಕಟ್ಟುಪಾಡು ಜಾಸ್ತಿ. ಚಪ್ಪಲಿ ಎಲ್ಲಿ ಬಿಡಲಿ ಅಂತ ಕೇಳ್ತಾರೆ, ಒಳಕೋಣೆಯ ಬಾಗಿಲು ತಾವಾಗಿ ತೆಗೆಯಲ್ಲ, ಮನೆಯಲ್ಲಿ ಸೂತಕ ಅಂದರೆ ಬಾಗಿಲಿಂದಲೇ ಮಾತಾಡಿಸಿ ಹಿಂದಕ್ಕೆ ಹೋಗ್ತಾರೆ, ಬೇಜಾರು ಮಾಡಿಕೊಳ್ಳಲ್ಲ. ದುಡ್ಡು ಕೊಟ್ಟ ಕೂಡಲೇ ನಾವು ನೆಂಟರ ಪಟ್ಟಿಯಿಂದ ಹೊರಗೆ ಬಂದ್ವಿ, ಗಿರಾಕಿ ಆದ್ವಿ ಅಂದ್ಕೊಂಡಿದೀವಿ. ರೂಮಿಗೆ ಕೊಟ್ಟ ದುಡ್ಡು ರೂಮಿಗೆ ಸರಿಹೋಯ್ತು. ಅದರಲ್ಲಿ ಕಡಲಿನ ಬಾಡಿಗೆ ಸೇರಿಲ್ಲ.

ಹೋಗಿ, ಖಂಡಿತ ಹೋಗಿ. ಹೋದಾಗ ಅಲ್ಲಿನ ಒಬ್ಬರನ್ನಾದರೂ "ಇವತ್ತು ಕಡಲು ಹೇಗಿದೆ?" ಅಂತ ಕೇಳಿ. ಅವರು ಇವತ್ತು ಬೇಡ ಅಂದರೆ, ಮಕ್ಕಳನ್ನ ಕರ್ಕೊಂಡು ದೂರದಲ್ಲೇ ಮರಳ ಮೇಲೆ ಕೂತ್ಕೊಳ್ಳಿ. ಅಲ್ಲಿಂದಲೂ ಕಡಲು ಚೆನ್ನಾಗಿ ಕಾಣುತ್ತೆ.