ಬಾಣಂತಿಯ ಮೇಲಿನ ಪ್ರಯೋಗ: ಸಂಶಯ ಯಾರದು, ಫಲ ಯಾರಿಗೆ?

ಹೊಸ ಔಷಧವೊಂದು ನಿಜಕ್ಕೂ ಗುಣ ಕೊಡುತ್ತದೆಯೇ ಎಂದು ತಿಳಿಯಲು ಸಂಶೋಧಕರು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಈಗಾಗಲೇ ಬಳಕೆಯಲ್ಲಿರುವ ಚಿಕಿತ್ಸೆ. ಅಂಥ ಚಿಕಿತ್ಸೆಯೇ ಇಲ್ಲದಿದ್ದರೆ ನೋಡಲು ಔಷಧದಂತಿದ್ದು ಒಳಗೇನೂ ಇಲ್ಲದ ಹುಸಿಮಾತ್ರೆ, ಅಂದರೆ ಪ್ಲೇಸಿಬೊ. ಚಿಕಿತ್ಸೆ ಜಗತ್ತಿನಲ್ಲಿ ಇದ್ದು ರೋಗಿಯ ಊರಿನಲ್ಲಿ ಮಾತ್ರ ಇಲ್ಲದಿದ್ದರೆ ಏನು ಕೊಡಬೇಕು ಎಂಬುದು ನೀತಿಶಾಸ್ತ್ರದ ಕಗ್ಗಂಟು. ಬಡ ದೇಶಗಳ ಬಸುರಿ, ಬಾಣಂತಿಯರ ಮೇಲಿನ ಸಂಶೋಧನೆಯಲ್ಲಿ ಅದು ತೀರ ಬಿಗಿಯಾಗಿ ಕಾಣಿಸಿಕೊಂಡಿತು.

ಎಚ್‌ಐವಿ ಸೋಂಕಿರುವ ಬಸುರಿಗೆ ಜಿಡೊವುಡಿನ್ ಎಂಬ ಔಷಧ ಕೊಟ್ಟರೆ ಮಗುವಿಗೆ ಸೋಂಕು ತಗಲುವ ಪ್ರಮಾಣ ಶೇ. 25.5ರಿಂದ ಶೇ. 8.3ಕ್ಕೆ ಇಳಿಯುತ್ತದೆ ಎಂದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬಸುರಿನಲ್ಲಿ ತಿಂಗಳುಗಟ್ಟಲೆ ಮಾತ್ರೆ, ಹೆರಿಗೆಯ ಹೊತ್ತಿಗೆ ರಕ್ತನಾಳದ ಮೂಲಕ ಔಷಧ, ಹುಟ್ಟಿದ ಮಗುವಿಗೆ ಆರು ವಾರ ಔಷಧ. ಒಟ್ಟು ಖರ್ಚು ಸುಮಾರು 800 ಡಾಲರ್. ಆಫ್ರಿಕದ ಹಲವು ಸರ್ಕಾರಗಳು ಒಬ್ಬ ಪ್ರಜೆಯ ಆರೋಗ್ಯಕ್ಕೆ ಇಡೀ ವರ್ಷ ಮಾಡುತ್ತಿದ್ದ ವೆಚ್ಚದ ಎಷ್ಟೋ ಪಟ್ಟು ಇದು. ಹಾಗಾಗಿ ಕಡಿಮೆ ಅವಧಿಯ, ಅಗ್ಗದ ಕ್ರಮವನ್ನು ಹುಡುಕುವ ಪ್ರಯೋಗಗಳು ಆಫ್ರಿಕ ಮತ್ತು ಥಾಯ್ಲೆಂಡಿನಲ್ಲಿ ಶುರುವಾದವು. ಇವುಗಳಲ್ಲಿ ಹೆಚ್ಚಿನವು ಒಂದು ಗುಂಪಿನ ತಾಯಂದಿರಿಗೆ ಹುಸಿಮಾತ್ರೆ ಕೊಟ್ಟವು. ಬ್ಯಾಂಕಾಕಿನ ಅಧ್ಯಯನದಲ್ಲಿ ಔಷಧ ಪಡೆದವರ ಮಕ್ಕಳಲ್ಲಿ ಶೇ. 9.4, ಹುಸಿಮಾತ್ರೆ ಪಡೆದವರ ಮಕ್ಕಳಲ್ಲಿ ಶೇ. 18.9 ಸೋಂಕು ಕಂಡುಬಂತು.

ಅಮೆರಿಕದ ವೈದ್ಯರಾದ ಪೀಟರ್ ಲೂರಿ ಮತ್ತು ಸಿಡ್ನಿ ವೋಲ್ಫ್ 1997ರಲ್ಲಿ ಈ ಹುಸಿಮಾತ್ರೆ ಪ್ರಯೋಗಗಳನ್ನು ಕಟುವಾಗಿ ಟೀಕಿಸಿದರು. ಅಮೆರಿಕದಲ್ಲಿ ಒಪ್ಪಿಗೆ ಸಿಗದ ಪ್ರಯೋಗವನ್ನು ಬಡವರ ಮೇಲೆ ಮಾಡುವುದು ಇಬ್ಬಗೆಯ ನೀತಿ ಎಂಬುದು ಅವರ ವಾದ. ಅಮೆರಿಕದ ಆರೋಗ್ಯ ಸಂಸ್ಥೆಗಳ ಮುಖ್ಯಸ್ಥರಾಗಿದ್ದ ಹೆರಾಲ್ಡ್ ವಾರ್ಮಸ್ ಮತ್ತು ಡೇವಿಡ್ ಸ್ಯಾಚರ್ ಉತ್ತರ ಕೊಟ್ಟರು: ಆ ದೇಶಗಳಲ್ಲಿ ಇರುವ ಚಿಕಿತ್ಸೆಯೆಂದರೆ ಏನೂ ಇಲ್ಲದಿರುವುದೇ, ಏನೂ ಇಲ್ಲದ್ದಕ್ಕಿಂತ ಹೊಸ ಕ್ರಮ ಮೇಲೋ ಅಲ್ಲವೋ ಎಂಬುದೇ ಅಲ್ಲಿನ ಸರ್ಕಾರಗಳಿಗೆ ಬೇಕಾದ ಉತ್ತರ. ಇದು ಉಗಾಂಡದವರು ಉಗಾಂಡದವರಿಗಾಗಿ ಮಾಡುವ ಅಧ್ಯಯನ ಎಂದು ಅಲ್ಲಿನ ಏಡ್ಸ್ ಸಂಶೋಧನಾ ಸಮಿತಿಯ ಅಧ್ಯಕ್ಷರೂ ಬರೆದರು. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೂ ವಾರ್ಮಸ್ ವಾದದಲ್ಲಿ ಒಂದು ಬಿರುಕಿದೆ. 800 ಡಾಲರ್ ಎಂಬುದು ಬರಗಾಲದಂತೆ ಮೇಲಿನಿಂದ ಬಂದದ್ದಲ್ಲ, ಮನುಷ್ಯರು ಇಟ್ಟ ಬೆಲೆ. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ಮೂರು ಎಚ್‌ಐವಿ ಔಷಧಗಳನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆಂದಾಗ ಆ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಅನ್ಯಾಯದಿಂದ ಹುಟ್ಟಿದ ಕೊರತೆಯನ್ನು ಸ್ಥಳೀಯ ವಾಸ್ತವ ಎಂದು ಕರೆದು ಅದನ್ನೇ ವಿಜ್ಞಾನದ ಅಳತೆಗೋಲು ಮಾಡಿಕೊಂಡರೆ, ಪ್ರಯೋಗ ಆ ಅನ್ಯಾಯಕ್ಕೆ ಸಾಕ್ಷಿಯಾಗುವುದರ ಜೊತೆಗೆ ಅದರಲ್ಲಿ ಪಾಲೂ ಪಡೆಯುತ್ತದೆ. ಅದೇ ಥಾಯ್ಲೆಂಡಿನಲ್ಲಿ ಇನ್ನೊಂದು ತಂಡ ಹುಸಿಮಾತ್ರೆಯ ಗೊಡವೆಯಿಲ್ಲದೆ, ದೀರ್ಘ ಮತ್ತು ಅಲ್ಪ ಅವಧಿಯ ಕ್ರಮಗಳನ್ನು ಒಂದಕ್ಕೊಂದು ಹೋಲಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿತು. ಬೇರೆ ದಾರಿ ಇತ್ತು.

ಹಾಗಾದರೆ ಪ್ರಯೋಗಕ್ಕೆ ನೈತಿಕ ಆಧಾರವೇನು? ನೀತಿಶಾಸ್ತ್ರಜ್ಞ ಬೆಂಜಮಿನ್ ಫ್ರೀಡ್‌ಮನ್ 1987ರಲ್ಲಿ ಕೊಟ್ಟ ಉತ್ತರ ಇಂದಿಗೂ ಬಳಕೆಯಲ್ಲಿದೆ: ಎರಡರಲ್ಲಿ ಯಾವುದು ಮೇಲು ಎಂದು ವೈದ್ಯ ಸಮುದಾಯದಲ್ಲಿ ಪ್ರಾಮಾಣಿಕ ಸಂಶಯವಿದ್ದಾಗ ಮಾತ್ರ ಚೀಟಿ ಎತ್ತಬಹುದು. ಸಂಶಯಕ್ಕೆ ಈ ಸ್ಥಾನ ಕೊಡುವುದು ಹೊಸದಲ್ಲ: ಭಾರತೀಯ ತರ್ಕಶಾಸ್ತ್ರವಾದ ನ್ಯಾಯದರ್ಶನದ ಹದಿನಾರು ಪದಾರ್ಥಗಳಲ್ಲಿ, ಅಂದರೆ ವಿಚಾರದ ವಿಷಯಗಳಲ್ಲಿ, ಸಂಶಯವೂ ಒಂದು. ಏನೂ ತಿಳಿಯದ ವಿಷಯದಲ್ಲಾಗಲಿ ಈಗಾಗಲೇ ನಿರ್ಣಯವಾದ ವಿಷಯದಲ್ಲಾಗಲಿ ವಿಚಾರಣೆ ನಡೆಯದು, ಸಂಶಯವಿದ್ದಲ್ಲೇ ನಡೆಯಬೇಕು ಎಂದು ಭಾಷ್ಯಕಾರ ವಾತ್ಸ್ಯಾಯನ ಹೇಳುತ್ತಾನೆ. ಆ ಪಟ್ಟಿಯಲ್ಲಿ ಸಂಶಯದ ಬೆನ್ನಿಗೇ ಪ್ರಯೋಜನ ಬರುತ್ತದೆ. ಯಾರ ಪ್ರಯೋಜನ ಎಂದು ಕೇಳುವುದು ಮಾತ್ರ ಇಂದಿನವರ ಕೆಲಸ.

ಬೆಳಗಾವಿ ಜಿಲ್ಲೆಯಲ್ಲಿ ನಡೆದ ಹುಸಿಮಾತ್ರೆ ಪ್ರಯೋಗದ ಉದಾಹರಣೆ ಇಷ್ಟು ಸರಳವಾಗಿಲ್ಲ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಇದೆ. ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ತಿಳಿದವರು ಬೇಕು. ಹಳ್ಳಿಯ ಮನೆಗಳಲ್ಲಿ, ಆರೋಗ್ಯ ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ (ಸಹಾಯಕ ದಾದಿ) ಸಿಸ್ಟರುಗಳ ಕೈಯಲ್ಲಿ ಅದಿರಲಿಲ್ಲ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಂಶೋಧಕರೊಡನೆ 1620 ಮಹಿಳೆಯರಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹುಸಿಮಾತ್ರೆಯೊಂದಿಗೆ ಹೋಲಿಸಿತು. 2006ರಲ್ಲಿ ಬಂದ ಫಲಿತಾಂಶದ ಪ್ರಕಾರ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಬಾಣಂತಿಯ ಕೆಳಗೆ ಪ್ಲಾಸ್ಟಿಕ್ ಹಾಸು ಹರಡುತ್ತಿದ್ದರು. ಅದರ ತುದಿಯ ಚೀಲದ ಮೇಲೆ ಅಳತೆಯ ಗೆರೆಗಳು. ಕಣ್ಣಂದಾಜಿನಲ್ಲಿ ರಕ್ತದ ಲೆಕ್ಕ ಎಷ್ಟು ತಪ್ಪುತ್ತದೆ ಎಂಬುದನ್ನು ಆ ಚೀಲವೇ ತೋರಿಸಿಕೊಟ್ಟಿತು: ಸುಮಾರು ಮೂರನೇ ಒಂದು ಭಾಗ ಕಡಿಮೆ. ಇಲ್ಲಿ ಸಂಶಯ ನಿಜವಾಗಿತ್ತು, ಏಕೆಂದರೆ ಬಾಯಿಗೆ ಹಾಕುವ ಮಾತ್ರೆ ಹಳ್ಳಿಯ ಹೆರಿಗೆಯಲ್ಲಿ ಕೆಲಸ ಮಾಡೀತೇ ಎಂಬುದು ಆಗ ಇತ್ಯರ್ಥವಾಗಿರಲಿಲ್ಲ. ಹುಸಿಮಾತ್ರೆ ಪಡೆದವಳಿಂದ ಯಾವ ಸೌಲಭ್ಯವನ್ನೂ ಕಿತ್ತುಕೊಳ್ಳಲಿಲ್ಲ ಎಂಬುದೂ ಸರಿ. ಆದರೆ ಕಿತ್ತುಕೊಳ್ಳಲಿಲ್ಲ ಎಂದ ಮಾತ್ರಕ್ಕೆ ಋಣ ತೀರುವುದಿಲ್ಲ. ಆಕೆ ತನ್ನ ದೇಹವನ್ನು ಮುಂದಿನ ಬಾಣಂತಿಯರಿಗಾಗಿ ಒತ್ತೆ ಇಟ್ಟಿರುತ್ತಾಳೆ.

ಒಪ್ಪಿಗೆಯ ವಿಷಯ ಇನ್ನೂ ತೊಡಕಿನದು. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂಬ ತತ್ವಜ್ಞಾನಿ ಕಾಂಟ್‌ನ ನಿಯಮ ಸಹಿ ಮಾಡಬಲ್ಲ ಒಂಟಿ ವ್ಯಕ್ತಿಯನ್ನು ಎದುರಿಗಿಟ್ಟುಕೊಳ್ಳುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳ ಸುತ್ತ ತಾಯಿ, ಅತ್ತೆ, ಗಂಡ ಎಲ್ಲರ ಮಾತೂ ಇರುತ್ತದೆ. ನೋವು ಶುರುವಾದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಬಸುರಿನ ತಿಂಗಳುಗಳಲ್ಲೇ, ಅವಳ ಭಾಷೆಯಲ್ಲಿ, ಬೇಡ ಎಂದರೂ ಆರೈಕೆ ತಪ್ಪುವುದಿಲ್ಲ ಎಂದು ತಿಳಿಸಬೇಕು. ಹಾಗೆಂದು ಬಸುರಿಯರನ್ನು ಸಂಶೋಧನೆಯಿಂದ ದೂರ ಇಡುವುದೂ ರಕ್ಷಣೆಯಲ್ಲ. ಕೋವಿಡ್ ಲಸಿಕೆಯ ಮೊದಲ ಪ್ರಯೋಗಗಳಿಂದ ಅವರನ್ನು ಹೊರಗಿಟ್ಟರು. ಭಾರತದಲ್ಲಿ 2021ರ ಜನವರಿಯಲ್ಲಿ ಶುರುವಾದ ಲಸಿಕೆಗೆ ಬಸುರಿಯರು ಜುಲೈವರೆಗೆ ಕಾಯಬೇಕಾಯಿತು.

ಉಳಿದದ್ದು ಫಲದ ಪ್ರಶ್ನೆ. ಮನುಷ್ಯರ ಮೇಲಿನ ಸಂಶೋಧನೆಯ ಬಗ್ಗೆ ಅಮೆರಿಕದಲ್ಲಿ ಹೊರಬಂದ 1979ರ ಬೆಲ್ಮಾಂಟ್ ವರದಿ ಗೌರವ, ಹಿತ, ನ್ಯಾಯ ಎಂಬ ಮೂರು ತತ್ವಗಳನ್ನು ಹೇಳಿತು. ಹೊರೆ ಹೊತ್ತವರಿಗೆ ಫಲ ಸಿಗಬೇಕೆಂಬುದು ಮೂರನೆಯದರ ತಿರುಳು. ಮಿಸೊಪ್ರೊಸ್ಟಾಲ್ 2011ರಲ್ಲಿ ರಕ್ತಸ್ರಾವ ತಡೆಗೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು. ಭಾರತವೂ ಸೇರಿ ಹತ್ತು ದೇಶಗಳಲ್ಲಿ ಪರೀಕ್ಷೆಯಾದ, ತಂಪಿನಲ್ಲಿಡದಿದ್ದರೂ ಕೆಡದ ಕಾರ್ಬೆಟೋಸಿನ್ ಎಂಬ ಅದೇ ಉದ್ದೇಶದ ಚುಚ್ಚುಮದ್ದು 2019ರಲ್ಲಿ ಅದೇ ಪಟ್ಟಿಗೆ ಬಂತು. ಪಟ್ಟಿ ಸೇರುವುದು ಒಂದು, ಉಪಕೇಂದ್ರದ ಕಪಾಟು ಸೇರುವುದು ಇನ್ನೊಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸಂಶೋಧನೆಯ ನಂತರ ಅದರ ಲಾಭ ಜನರಿಗೆ ಸಿಗಬೇಕೆಂದು ಹೇಳುತ್ತದೆ. ಆ ಹೊಣೆ ಯಾರದು, ಖರ್ಚು ಯಾರದು ಎಂದು ಮೊದಲೇ ಬರೆದಿಡದ ಪ್ರಯೋಗಕ್ಕೆ ನೈತಿಕ ಸಮಿತಿಗಳು ಒಪ್ಪಿಗೆ ಕೊಡಬಾರದು.